ನನ್ನ ಜೊತೆಗೆ ಇಳಿದವರು

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬಿಂಡಿಗನವಿಲೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮನೆ ನಾಗಮಂಗಲದಲ್ಲಿತ್ತು. ಬೆಳಗಿನ ಬಸ್ಸಿನಲ್ಲಿ ದಿನಾ ಅದೇ ಮುಖಗಳು: ಹೂವಿನ ಕುಕ್ಕೆ ಹೊತ್ತ ಒಬ್ಬ ಅಜ್ಜಿ, ಆರೋಗ್ಯ ಕೇಂದ್ರದ ನರ್ಸಮ್ಮ, ಹಳ್ಳಿ ಸುತ್ತುವ ಒಬ್ಬ ಕುರಿ ವ್ಯಾಪಾರಿ. ನಮ್ಮ ನಡುವೆ ನಮಸ್ಕಾರ, ಮಳೆ, ರಾಗಿ ಪೈರು ಬಿಟ್ಟರೆ ಹೆಚ್ಚಿನ ಮಾತಿರಲಿಲ್ಲ.

ಒಂದು ದಿನ ಅರ್ಧ ದಾರಿಯಲ್ಲಿ ನನ್ನ ಅಂಗೈ ಬೆವೆತು, ಎದೆ ಡವಡವ ಬಡಿದುಕೊಳ್ಳತೊಡಗಿತು. ಇನ್ನೇನು ಸತ್ತೇಹೋದೆ ಅನ್ನಿಸಿ, ಕೂಗಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟೆ. ಅದೇ ವಾರ ಇನ್ನೊಮ್ಮೆ ಹಾಗಾಯಿತು. ಮಂಡ್ಯದ ಡಾಕ್ಟರು ಇಸಿಜಿ ತೆಗೆಸಿ ನೋಡಿ, "ಹೃದಯ ಚೆನ್ನಾಗಿದೆ. ಇದು ಮನಸ್ಸಿನ ಗಾಬರಿ. ಮಾತ್ರೆ ಕೊಡ್ತೀನಿ, ತಪ್ಪದೆ ತಗೊಳ್ಳಿ. ಆದ್ರೆ ಒಬ್ಬರೇ ಕೂತ್ಕೋಬೇಡಿ" ಎಂದರು.

ಮಾತ್ರೆ ನುಂಗಿದೆ. ಎರಡನೆಯ ಮಾತು ಕೇಳಲಿಲ್ಲ. ರಜೆ ಹಾಕಿ ಒಳಕೋಣೆ ಸೇರಿದೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡರೆ? ಯಾರಾದರೂ ಕೇಳಿದರೆ ಕಾಮಾಲೆ ಅಂತ ಹೇಳು ಎಂದು ಹೆಂಡತಿಗೆ ಹೇಳಿಕೊಟ್ಟೆ. ಪಾಪ, ಅವಳು ಮೂರು ವಾರ ಹಾಗೇ ಹೇಳಿದಳು.

ಒಂದು ಭಾನುವಾರ ಹೂವಿನಜ್ಜಿ ವಿಳಾಸ ಕೇಳಿಕೊಂಡು ಮನೆಗೇ ಬಂದಳು. ಹೆಂಡತಿ ಕಾಮಾಲೆಯ ಕಥೆ ಶುರುಮಾಡುವಷ್ಟರಲ್ಲಿ ಅಜ್ಜಿ ಸೀದಾ ಒಳಗೆ ಬಂದು ನನ್ನ ಮುಖ ನೋಡಿದಳು.

"ಕಾಮಾಲೆ ಆಗಿದ್ರೆ ಕಣ್ಣು ಅಳ್ದಿ ಆಗ್ಬೇಕಿತ್ತಲ್ಲವ್ವ. ಇವು ಬೆಳ್ಳಗವೆ. ಏನಾಯ್ತು ಮೇಷ್ಟ್ರೇ? ದಿಟ ಯೋಳಿ."

ಅಷ್ಟು ದಿನ ಕಟ್ಟಿಟ್ಟಿದ್ದದ್ದನ್ನೆಲ್ಲ ಅವಳ ಮುಂದೆ ಹೇಳಿಬಿಟ್ಟೆ. ಹೇಳುತ್ತ ಅಳುವೂ ಬಂತು. ಅಜ್ಜಿ ನಗಲಿಲ್ಲ, ಗಾಬರಿಯೂ ಆಗಲಿಲ್ಲ.

"ನಮ್ಮನೆಯೋರು ತೀರ್ಕಂಡಾಗ ನಂಗೂ ಇಂಗೇ ಆಗಿತ್ತು ಕಣಪ್ಪ. ಒಸ್ಲು ದಾಟಕ್ಕೇ ಭಯ. ಬೀದಿ ಎಂಗಸ್ರು ಬುಡ್ನಿಲ್ಲ, ಕೈ ಇಡ್ಕಂಡು ಕರ್ಕೊಂಡೋಗೋರು. ನಾಳೀಕೆ ಬನ್ನಿ. ಇಳೀಬೇಕು ಅನ್ಸಿದ್ರೆ ಇಳ್ಯವ, ಅದ್ರಾಗೇನೈತೆ?"

ಮರುದಿನ ಹೆಂಡತಿ ಬಸ್ಸು ನಿಲ್ದಾಣದವರೆಗೆ ಬಂದಳು. ನರ್ಸಮ್ಮ ಕಿಟಕಿ ಪಕ್ಕ ಜಾಗ ಹಿಡಿದಿದ್ದರು. ಅಜ್ಜಿ ಅವರಿಗೆಲ್ಲ ಹೇಳಿದ್ದಾಳೆಂದು ತಿಳಿದು ಒಂದು ಕ್ಷಣ ನಾಚಿಕೆಯಾಯಿತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದೆ ಮತ್ತೆ ಡವಡವ ಶುರುಮಾಡಿತು. "ಇಳೀತೀನಿ" ಎಂದೆ.

ಕುರಿ ವ್ಯಾಪಾರಿ ಎದ್ದುನಿಂತು ಕಂಡಕ್ಟರಿಗೆ ಕೂಗಿದ: "ಲೇ, ನಿಲ್ಸ್ಲಾ! ನಾವು ನಾಕ್ ಜನ ಇಳೀತೀವಿ."

ನಾಲ್ಕೂ ಜನ ಇಳಿದೆವು. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಹೊಂಗೆ ಮರದ ಕೆಳಗೆ ಕೂತು ಅಜ್ಜಿ ಹೂ ಕಟ್ಟತೊಡಗಿದಳು. ನರ್ಸಮ್ಮ ನನ್ನ ಮಣಿಕಟ್ಟು ಹಿಡಿದು, "ನಿಧಾನಕ್ಕೆ ಉಸಿರು ಬಿಡಿ ಸಾರ್" ಎನ್ನುತ್ತಿದ್ದರು. ವ್ಯಾಪಾರಿ ಮಾತ್ರ ಏನೂ ಆಗಿಲ್ಲವೆಂಬಂತೆ, ಕೊಂಡ ದಿನವೇ ತಪ್ಪಿಸಿಕೊಂಡು ಹಳೇ ಮನೆಗೆ ಓಡಿಹೋಗಿದ್ದ ಒಂದು ಟಗರಿನ ಕಥೆ ಹೇಳಿದ. ಕಥೆ ಮುಗಿಯುವ ಹೊತ್ತಿಗೆ ನಾನು ನಗುತ್ತಿದ್ದೆ, ಎದೆ ತಣ್ಣಗಾಗಿತ್ತು. ಮುಂದಿನ ಬಸ್ಸಿಗೆ ಹತ್ತಿದೆವು. ಶಾಲೆಗೆ ತಡವಾಗಿ ಹೋಗಿ ಹೆಡ್‌ಮಾಸ್ಟರಿಗೆ ನಿಜವನ್ನೇ ಹೇಳಿದೆ. "ಪಾಠ ಶುರುಮಾಡಿ, ಹೋಗಿ" ಎಂದರು, ಅಷ್ಟೆ.

ಆ ತಿಂಗಳಲ್ಲಿ ಇನ್ನೂ ಎರಡು ಸಲ ಇಳಿದೆವು. ಆಮೇಲೆ ಇಳಿಯಬೇಕು ಅನ್ನಿಸಿದರೂ, ಇಳಿದರೆ ಇವರೂ ಇಳಿಯುತ್ತಾರೆ ಎಂಬ ಧೈರ್ಯದಲ್ಲೇ ಕೂತಿರುತ್ತಿದ್ದೆ. ಭಯ ಬರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ, ಕೊನೆಗೆ ನಿಲ್ಲಿಸಿದರು. ಆ ಮಾತ್ರೆಗಳನ್ನು ನಾನು ಹಳಿಯುವುದಿಲ್ಲ, ಅವು ನಿದ್ದೆ ಕೊಟ್ಟವು. ಆದರೆ ನನ್ನನ್ನು ಮತ್ತೆ ಬಸ್ಸು ಹತ್ತಿಸಿದ್ದು ಆ ಮೂವರು. ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ರಾಗಿ ಕೊಯ್ಲಿನ ಹೊತ್ತಿಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಗಾಢವಾಗಿ ನಿದ್ದೆ ಹೋಗಿಬಿಟ್ಟೆ. ಕಣ್ಣು ಬಿಟ್ಟರೆ ಬಿಂಡಿಗನವಿಲೆ ಹಿಂದಾಗಿತ್ತು. ನರ್ಸಮ್ಮ, ಅಜ್ಜಿ ಇಳಿದುಹೋಗಿದ್ದರು. ವ್ಯಾಪಾರಿಯೊಬ್ಬನೇ ಪಕ್ಕದಲ್ಲಿದ್ದ.

"ಯಾಕ್ರೀ ಏಳಿಸಲಿಲ್ಲ?"

"ಯೋಳ್ತೀನಿ ಕೇಳಿ. ಬಸ್ಸಲ್ಲಿ ನೀವು ಗೊರ್ಕೆ ವಡೀತಿದ್ರಿ ಮೇಷ್ಟ್ರೇ! ಅಜ್ಜಿ ಏಳ್ಸ್‌ಬ್ಯಾಡ ಅಂತು."

ಮುಂದಿನ ಸ್ಟಾಪಿನಲ್ಲಿ ಇಳಿದು, ಕೊಯ್ದ ಹೊಲಗಳ ನಡುವೆ ಒಬ್ಬನೇ ಶಾಲೆಯ ಕಡೆ ನಡೆದೆ.