ಈಶ್ವರನ ಪಕ್ಕದ ಪೈಪು

ಭದ್ರಾವತಿಯ ರಿಟೈರ್ಡ್ ಫೋರ್‌ಮನ್ ಒಬ್ಬರು ಹಳೆಯ ಮಿನಿಬಸ್ಸನ್ನೇ ಮನೆ ಮಾಡಿಕೊಂಡು ಹೆಂಡತಿಯ ಜೊತೆ ಕಾಶಿಗೆ ಹೊರಟಿದ್ದರು. ಆಕೆಗೆ ಮಣಿಕಟ್ಟಿನ ನೋವು, ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. "ವಾಷಿಂಗ್ ಮಷಿನ್ ಇಲ್ದಿದ್ರೆ ನಾನು ಬರಲ್ಲ" ಎಂದುಬಿಟ್ಟಿದ್ದರು. ಅದನ್ನು ಕೂರಿಸಲು ಪ್ಲಂಬರ್ ಕೆಲಸದ ನನ್ನನ್ನು ಕರೆದರು.

ಮಷಿನ್ನಿಗೆ ಉಳಿದದ್ದು ಒಂದೇ ಮೂಲೆ. ಅಲ್ಲೇ ಗೋಡೆಯ ಗೂಡಿನಲ್ಲಿ ಈಶ್ವರನ ಪಟ. ಕೊಳೆನೀರು ದೇವರ ಹತ್ತಿರ ಸುಳಿಯಬಾರದೆಂದು ನಾನು ಮಷಿನ್ನಿನಿಂದ ನೀರು ಹೊರಹೋಗುವ ಪೈಪನ್ನು ನೆಲಕ್ಕೇ ಒತ್ತಿಸಿ ಬಸ್ಸಿನಡಿಯ ಟ್ಯಾಂಕಿಗೆ ಇಳಿಸಿದೆ. ಮಷಿನ್ ಶುರು ಮಾಡಿದರೆ ಒಳಗೆ ಬಂದ ನೀರೆಲ್ಲ ನಿಲ್ಲದೆ ಹರಿದುಹೋಯಿತು. ಪೈಪನ್ನು ಎತ್ತರಕ್ಕೆ ಒಯ್ದು ಬಗ್ಗಿಸಿದರಷ್ಟೇ ನೀರು ನಿಲ್ಲುತ್ತದೆ. ಎತ್ತಿದರೋ, ಅದು ಸರಿಯಾಗಿ ಈಶ್ವರನ ಪಕ್ಕಕ್ಕೇ ಬರುತ್ತದೆ.

"ದೇವರ ಪಕ್ಕ ಕೊಳೆನೀರಿನ ಪೈಪು ಕಟ್ಟೋದು ನನ್ನ ಕೈಯಿಂದ ಆಗಲ್ಲಮ್ಮ" ಎಂದೆ.

ಆಕೆ ನಕ್ಕರು. "ಅಲ್ಲ ಮಾರಾಯ, ಕಾಶೀಲಿ ಮಿಂದವರ ಕೊಳೆಯೆಲ್ಲ ಹೋಗೋದು ಎಲ್ಲಿಗೆ? ಗಂಗೆಗೆ ತಾನೇ? ಅವಳನ್ನ ತಲೆ ಮೇಲೇ ಕೂರಿಸ್ಕೊಂಡಿದ್ದಾನೆ ಅವನು. ಎತ್ತು ಪೈಪು!"

ಮನಸ್ಸಿನಲ್ಲೇ ಕೈಮುಗಿದು ಎತ್ತಿ ಕಟ್ಟಿದೆ. ನೀರು ನಿಂತಿತು, ಬಟ್ಟೆ ತಿರುಗಿತು. ಗಾಜಿನ ಹಿಂದಿನ ನೊರೆ ನೋಡುತ್ತಿದ್ದಂತೆ ನನ್ನ ಅಮ್ಮ ನೆನಪಾದಳು. ಶಿವಮೊಗ್ಗದ ಕೋಟೆಯ ಹತ್ತಿರ ತುಂಗೆಯಲ್ಲಿ ನಮ್ಮ ಬಟ್ಟೆಯೆಲ್ಲ ಒಗೆದು, ಅದೇ ಹೊಳೆಯ ನೀರನ್ನು ಬೊಗಸೆಯಲ್ಲೆತ್ತಿ ಸೂರ್ಯನಿಗೆ ಬಿಡುತ್ತಿದ್ದಳು. ಅವಳನ್ನು ನೋಡಿ ಬೆಳೆದ ನಾನು ದೇವರಿಗಿಂತ ಹೆಚ್ಚು ಮಡಿ ಎಲ್ಲಿ ಕಲಿತೆನೋ, ಆ ಪರಮಾತ್ಮನೇ ಬಲ್ಲ.