ಒಗೆಯಬಾರದ ಬಟ್ಟೆ

ಟಿಣ್.

ಊರಿಗೆ ಇನ್ನೂ ನಿದ್ದೆ. ತಿರುಗುತ್ತಿರುವ ಯಂತ್ರದೊಳಗಿನ ಆ ಸಣ್ಣ ಸದ್ದಿಗೆ ಲಾಂಡ್ರಿ ಅಕ್ಕ ಕಿವಿ ನಿಮಿರಿಸುತ್ತಾರೆ. "ಪ್ಯಾಂಟಿನ ಗುಂಡಿ. ಸಂಜೆಯೊಳಗೆ ಹೊಲಿದುಕೊಡ್ಬೇಕು," ಎಂದುಕೊಂಡು ಮುಂದಿನ ಗಂಟು ಬಿಚ್ಚುತ್ತಾರೆ.

ಕಲೆ, ಬೆವರು, ವಾಸನೆ ಹೋಗಲಾಡಿಸುವುದೇ ಅಕ್ಕನ ಕಸುಬು. ಆದರೆ ಇಸ್ತ್ರಿ ಮೇಜಿನ ಕೆಳಗೆ ಮುಚ್ಚಳ ಬಿಗಿದ ತಗಡಿನ ಡಬ್ಬಿಯೊಂದಿದೆ. ಅದರಲ್ಲಿರುವ ಬಟ್ಟೆಗೆ ಮಾತ್ರ ಯಾರೂ ನೀರು ಸೋಕಿಸುವಂತಿಲ್ಲ.

ಅಂಗಡಿಯ ಹಿಂದೆ, ದಿಕ್ಕಿಲ್ಲದ ನಾಯಿ-ಬೆಕ್ಕುಗಳ ಆಶ್ರಯಧಾಮವಿದೆ. ಅಲ್ಲಿನ ಕಂಬಳಿಗಳನ್ನು ಅಕ್ಕ ಹಳೆಯ ಯಂತ್ರದಲ್ಲಿ ಬಿಟ್ಟಿಯಾಗಿ ಒಗೆದುಕೊಡುತ್ತಾರೆ. ಹಾಗೆ ಒಗೆಯುತ್ತಲೇ ಹೊಳೆದ ಉಪಾಯವಿದು: ಯಾರಾದರೂ ನಾಯಿ ಸಾಕಲು ಒಪ್ಪಿದರೆ, ಆ ಮನೆಯವರು ಬಳಸಿದ ಬಟ್ಟೆಯೊಂದನ್ನು ತಂದು ವಾರ ಮೊದಲೇ ನಾಯಿ ಮಲಗುವಲ್ಲಿ ಹಾಸುವುದು. ಹೊಸ್ತಿಲು ದಾಟುವ ಹೊತ್ತಿಗೆ, ಆ ವಾಸನೆಯಿಂದಲೇ, ನಾಯಿಗೆ ಆ ಮನೆ ಹಳೇ ನೆಂಟರ ಮನೆ.

"ಯಾರ ಬಟ್ಟೆ ಆದ್ರೂ ನಡೆಯಲ್ಲ," ಎನ್ನುತ್ತಾರೆ ಅಕ್ಕ. "ನಾಯಿ ಬೇಡ ಅಂತ ಮುಖ ಗಂಟು ಹಾಕ್ಕೊಂಡೋರು ಒಬ್ರು ಇದ್ದೇ ಇರ್ತಾರಲ್ಲ, ಅವರದ್ದೇ ಬೇಕು. ಒಳಗೆ ಹೋದ ತಕ್ಷಣ ನಾಯಿ ಅವರ ಕಾಲ ಹತ್ರಾನೇ ಕೂರುತ್ತೆ. ತಮ್ಮನ್ನೇ ಹುಡುಕ್ಕೊಂಡು ಬಂದಿದ್ದನ್ನ ಎಷ್ಟು ದಿನ ಅಂತ ಓಡಿಸ್ತಾರೆ?"

ಉಪಾಯ ಕೈಕೊಟ್ಟದ್ದು ಒಮ್ಮೆ ಮಾತ್ರ. ಮೋಟುಬಾಲ ಎಂಬ ಕಂದು ನಾಯಿ. ಹಿಂಗಾಲು ಸೊಟ್ಟ, ಒಂದು ಮೆಟ್ಟಿಲೂ ಹತ್ತಲಾರದು. ಅಂಥದ್ದಕ್ಕೂ ಮನೆ ಸಿಕ್ಕಿತ್ತು. ಇಸ್ತ್ರಿ ನೋಡಿಕೊಳ್ಳುವ ಅಕ್ಕನ ಗಂಡ ಆ ಮನೆಯಿಂದ ತಂದು ಡಬ್ಬಿಯಲ್ಲಿಟ್ಟಿದ್ದ ಟವೆಲನ್ನು ಕಂಡವರೇ, ಪಾಪ, ಹೆಂಡತಿ ಮರೆತಿರಬೇಕೆಂದು ಒಗೆದು, ಗರಿಗರಿ ಮಾಡಿ ಆಶ್ರಯಧಾಮಕ್ಕೆ ಕೊಟ್ಟುಬಂದರು. ಹೊಸ ಮನೆಯಲ್ಲಿ ಮೋಟುಬಾಲ ಹಗಲಿರುಳೂ ಊಳಿಟ್ಟು, ನಾಲ್ಕೇ ದಿನಕ್ಕೆ ವಾಪಸಾಯಿತು. ಬಂದದ್ದೇ ಗೋಡೆಗೆ ಮುಖ ಮಾಡಿ ಮಲಗಿತು.

"ಘಮ್ ಅಂತಿತ್ತು ಕಣೇ ಟವೆಲು," ಎಂದು ಗಂಡ ಈಗಲೂ ಗೊಣಗುತ್ತಾರೆ.

"ನಾಯಿ ಏನು ಮದುವೆಗೆ ಹೊರಟಿತ್ತೇನ್ರೀ?"

ಇನ್ನೊಮ್ಮೆ ವಾಪಸಾದರೆ ಅದು ಮತ್ತೆ ಯಾರನ್ನೂ ನಂಬಲಿಕ್ಕಿಲ್ಲ ಎಂದರು ಆಶ್ರಯಧಾಮದ ಡಾಕ್ಟರು. ಹಾಗಿರುವಾಗ ಎರಡನೇ ಮನೆ ಸಿಕ್ಕಿತು. ಅಲ್ಲಿ ಅಡ್ಡಗಾಲು ಹಾಕಿದವರು ಅಜ್ಜಿ. "ನನ್ನ ಹಾಸಿಗೆ ಮೇಲೆ ಒಂದೇ ಒಂದು ಕೂದಲು ಕಾಣಲಿ, ಅವತ್ತೇ ಆಚೆಗೆ!" ಅಕ್ಕ ಅವರ ಸವೆದ ಶಾಲನ್ನೇ ಕಾಡಿ ಬೇಡಿ ತಂದರು. ಡಬ್ಬಿಗೆ ಬೀಗವನ್ನೂ ಹಾಕಿದರು.

ಮೋಟುಬಾಲ ಆ ಮನೆ ಸೇರಿ ಹತ್ತು ದಿನವಾಗಿದೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಆ ಮನೆಯ ಸೊಸೆ ಬಂದು ಗಂಟೊಂದನ್ನು ಅಕ್ಕನ ಮುಂದಿಡುತ್ತಾಳೆ.

"ಅತ್ತೆ ಬೆಡ್‌ಶೀಟು. ಯಾವತ್ತೂ ಇಲ್ಲದ್ದು, ತಾವೇ ಮಡಚಿ ಕಟ್ಟಿದ್ದಾರೆ. ನಾನು ಬಿಚ್ಚಬಾರದಂತೆ. ನೀವೇ ನೋಡಿ ಹೇಳಿ ಅಕ್ಕ, ಕೂದಲು ಗೀದಲು ಇದೆಯಾ? ನಾಯಿನ ಕಳಿಸಿಬಿಡ್ತಾರೇನೋ ಅಂತ ನನಗೆ ಜೀವದಲ್ಲಿ ಜೀವ ಇಲ್ಲ."

ಅಕ್ಕ ಒಳಕೋಣೆಗೆ ಹೋಗಿ ಗಂಟು ಬಿಚ್ಚುತ್ತಾರೆ. ಬಿಳಿ ಬೆಡ್‌ಶೀಟು. ದಿಂಬಿನ ಪಕ್ಕದಲ್ಲೇ, ಗುಂಡಗೆ, ತಟ್ಟೆಯಷ್ಟಗಲ ಕಂದು ಕೂದಲು. ಅಕ್ಕ ಗಡಿಬಿಡಿಯಲ್ಲಿ ಅದನ್ನು ಹೆಕ್ಕತೊಡಗುತ್ತಾರೆ.

ಆಮೇಲೆ ಬೆರಳು ಅಲ್ಲೇ ನಿಲ್ಲುತ್ತದೆ. ಮೆಟ್ಟಿಲು ಹತ್ತಲಾರದ ನಾಯಿ ಮಂಚ ಹತ್ತಿದ್ದಾದರೂ ಹೇಗೆ? ಯಾರೋ ಎತ್ತಿ ಪಕ್ಕದಲ್ಲಿ ಮಲಗಿಸಿಕೊಂಡಿರಬೇಕು. ಆ ಕೋಣೆಯಲ್ಲಿ ಮಲಗುವುದು ಅಜ್ಜಿ ಒಬ್ಬರೇ.

"ಕೂದಲಾ? ಎಲ್ಲಿಂದ ಬರುತ್ತಮ್ಮ?" ಅಕ್ಕ ಹೊರಗೆ ಬಂದು ಗಟ್ಟಿಯಾಗಿ ಹೇಳುತ್ತಾರೆ. "ನಿಮ್ಮತ್ತೆ ಮಾತು ಅಂದ್ರೆ ಮಾತು. ಹೋಗು, ನಿಶ್ಚಿಂತೆಯಾಗಿರು."

ಸೊಸೆ ಉಸಿರು ಬಿಟ್ಟು ಹೊರಡುತ್ತಾಳೆ. ಇಸ್ತ್ರಿ ಮೇಜಿನಿಂದ ಗಂಡ ಇಣುಕುತ್ತಾರೆ. "ಏನೇ, ಒಬ್ಬಳೇ ನಗ್ತಾ ಇದೀಯಾ?"

"ಏನಿಲ್ಲ ರೀ."

ಅಜ್ಜಿಯ ಬಿಗುಮಾನ ಅಜ್ಜಿಗೇ ಇರಲಿ. ಗಂಡನಿಗೂ ಹೇಳುವುದು ಬೇಡವೆಂದು ಅಕ್ಕ ಆಗಲೇ ನಿಶ್ಚಯಿಸಿಯಾಗಿದೆ. ಬೆಡ್‌ಶೀಟನ್ನು ಕೊಡವಿ ಯಂತ್ರಕ್ಕೆ ತುಂಬಿ, ಈ ಸಲ ಸೋಪಿನ ಪುಡಿಯನ್ನು ಧಾರಾಳವಾಗಿ ಸುರಿಯುತ್ತಾರೆ.