ಅತ್ತೆ ಕೇಳಿದ ಕೊನೆಯ ಹಾಡು

ದೆವ್ವ ನೋಡಿದೆ, ಶಕುನ ಆಯಿತು, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ಬಾಯಿಬಿಟ್ಟು ನಗುವುದಿಲ್ಲ, ಅಷ್ಟೆ. ದೊಡ್ಡಬಳ್ಳಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ನನಗೇನೂ ಇಲ್ಲ ಎಂದು ಎದೆ ತಟ್ಟಿ ಹೇಳುವವರ ಸಕ್ಕರೆ ಮುನ್ನೂರು ಇರುತ್ತದೆ. ಇನ್ನೇನು ಸತ್ತೇಹೋಗುತ್ತೇನೆ ಎಂದು ಅಳುವವರಿಗೆ ಎಲ್ಲವೂ ಸರಿ ಇರುತ್ತದೆ. ಹಾಗಾಗಿ ಜನ ಹೇಳುವುದಕ್ಕಿಂತ ರಿಪೋರ್ಟಿನಲ್ಲಿ ಬಂದದ್ದನ್ನು ನಂಬುವ ಅಭ್ಯಾಸ ನನ್ನದು. ಅಂಥವಳೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನಮ್ಮತ್ತೆ ಪುಟ್ಟಲಕ್ಷ್ಮಮ್ಮನವರು ಮೂವತ್ತು ವರ್ಷ ಪವರ್‌ಲೂಮಿನಲ್ಲಿ ದುಡಿದವರು. ಮಗ್ಗದ ಮನೆಯೊಳಗೆ ಒಮ್ಮೆ ಹೋದವರಿಗೆ ಗೊತ್ತು, ಹತ್ತು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದವರು ಕಿರುಚಿದರೂ ಕೇಳಿಸುವುದಿಲ್ಲ. ಅಲ್ಲಿಯವರು ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಾರೆ. ಊಟಕ್ಕೇನು ತಂದಿದ್ದೀಯ ಎನ್ನುವುದರಿಂದ ಹಿಡಿದು ಯಾರ ಮಗಳು ಯಾರ ಜೊತೆ ಹೋದಳು ಎನ್ನುವವರೆಗೆ ಎಲ್ಲವೂ ದನಿಯಿಲ್ಲದೆ ನಡೆಯುತ್ತದೆ. ಅತ್ತೆಯ ಕಿವಿ ಹೋದದ್ದು ಆ ಸದ್ದಿಗೇ. ಸ್ವಲ್ಪಸ್ವಲ್ಪವಾಗಿ ಹೋದದ್ದರಿಂದ ಮನೆಯಲ್ಲಿ ನಮಗೇ ತಡವಾಗಿ ತಿಳಿಯಿತು. ತುಟಿ ಓದಲು ಬರುತ್ತಿದ್ದರಿಂದ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ, ಗೊತ್ತಾಗುವುದು ಅತ್ತೆಗೆ ಬೇಕಾಗಿಯೂ ಇರಲಿಲ್ಲ. ಕಿವಿಗೆ ಹಾಕುವ ಮಷೀನು ಕೊಡಿಸಿದ್ದೆವು. ಜನ ಸೇರಿದ ಕಡೆ ಅದು ಕಿರ್ರೆನ್ನುತ್ತದೆಂದು ತೆಗೆದು ನನ್ನ ಬ್ಯಾಗಿಗೆ ಹಾಕಿಬಿಡುತ್ತಿದ್ದರು.

ಅತ್ತೆಗೂ ನನಗೂ ಎತ್ತು ಏರಿಗೆ, ಕೋಣ ನೀರಿಗೆ. ಸಾರಿಗೆ ಎಷ್ಟು ಹುಣಸೆಹುಳಿ ಎನ್ನುವಲ್ಲಿಂದಲೇ ನಮ್ಮ ಜಗಳ ಶುರು. ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ. ಅದು ಒಬ್ಬ ಗಾಯಕರ ಮೇಲಿನ ಹುಚ್ಚು. ಅವರ ಹೆಸರು ಇಲ್ಲಿ ಬೇಡ. ಹೇಳಿದರೆ ಅವರ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ, ನಾನೂ ಅವರಲ್ಲಿ ಒಬ್ಬಳಾದ್ದರಿಂದ ಅವರ ಸ್ವಭಾವ ಬಲ್ಲೆ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಅತ್ತೆ ಅವರ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಆಮೇಲೆ ಕಾರ್ಯಕ್ರಮಗಳಿಗೆ ಹೋದಾಗ ದೊಡ್ಡ ಪರದೆಯ ಮೇಲೆ ತುಟಿ ನೋಡಿಕೊಂಡು, ಕುರ್ಚಿಯಲ್ಲಿ ಬರುವ ಡ್ರಮ್ಮಿನ ಅದುರನ್ನು ಅಂಗೈಯಲ್ಲಿ ಹಿಡಿದುಕೊಂಡು, ಯಾವ ಹಾಡು ಎಲ್ಲಿಗೆ ಬಂತು ಎನ್ನುವುದನ್ನು ತಪ್ಪದೆ ಹೇಳುತ್ತಿದ್ದರು. ಉಳಿದದ್ದನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರೇನೋ.

ನಮ್ಮ ಕಡೆಯ ಅಭಿಮಾನಿಗಳದ್ದೊಂದು ವಾಟ್ಸ್ಯಾಪ್ ಗುಂಪಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಅರವತ್ತು ಚಿಲ್ಲರೆ ಜನ. ಮುಂದಿನ ಟೂರ್ ಎಲ್ಲೆಲ್ಲಿ, ಟಿಕೆಟ್ ಯಾವಾಗ ಬಿಡುತ್ತಾರೆ, ಪಾರ್ಕಿಂಗಿಗೆ ಎಷ್ಟು ದೂರ ನಡೆಯಬೇಕು, ಇವೇ ಮಾತು. ಅಲ್ಲೊಂದು ಪದ್ಧತಿಯಿತ್ತು. ಕಾರ್ಯಕ್ರಮಕ್ಕೆ ಹೋದವರೆಲ್ಲ ಮಾರನೆಯ ಬೆಳಿಗ್ಗೆ ತಮಗೇನು ಇಷ್ಟವಾಯಿತೆಂದು ಒಂದು ವಾಯ್ಸ್ ನೋಟ್ ಕಳಿಸಬೇಕು. ಹೋಗಲಾಗದವರು ಅದನ್ನು ಕೇಳಿ ಹೊಟ್ಟೆ ಉರಿದುಕೊಳ್ಳಬೇಕು.

ನಾಲ್ಕು ವರ್ಷದ ಹಿಂದೆ ದೇವನಹಳ್ಳಿಯ ಹೊರಗೆ ಒಂದು ಮೈದಾನದಲ್ಲಿ ಅವರ ಕಾರ್ಯಕ್ರಮವಿತ್ತು. ಭಾನುವಾರ ಸಂಜೆ. ತಲೆ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು. ಪ್ರತಿ ಸಲವೂ ನಾವೆಲ್ಲ ಮುಖ ಸಿಂಡರಿಸುತ್ತಿದ್ದೆವು, ಅತ್ತೆಗೆ ಮಾತ್ರ ಆ ಕಾಟವಿರಲಿಲ್ಲ. ಎಂಟೂವರೆಗೆ ಕೊನೆಯ ಹಾಡು. ಇಡೀ ಬ್ಯಾಂಡು ಸೇರಿ ನುಡಿಸುವ, ಜನ ಎದ್ದು ಕುಣಿಯುವ ಹಾಡು ಅದು. ಮುಗಿದ ಮೇಲೆ ಗಾಯಕರು ಮೈಕು ಕೆಳಗಿಳಿಸಿ, ಕೈಮುಗಿದು ಸ್ವಲ್ಪ ಹೊತ್ತು ನಿಂತರು. ಜನ ಗೇಟಿನ ಕಡೆ ನುಗ್ಗತೊಡಗಿದರು. ನಾನು ಮೊಬೈಲಿನಲ್ಲಿ ಅದಷ್ಟನ್ನೂ ವಿಡಿಯೋ ತೆಗೆದುಕೊಂಡು, ಇನ್ನು ಕ್ಯಾಬ್ ಸಿಗುವುದಿಲ್ಲವೆಂದು ಏಳಲು ಹೋದೆ. ಅತ್ತೆ ನನ್ನ ಮುಂಗೈ ಹಿಡಿದು ಕೂರಿಸಿದರು. ಇನ್ನೊಂದು ಕೈಯಲ್ಲಿ, ಇರು ಎಂದು ಸನ್ನೆ ಮಾಡಿದರು. ಮೂರು ನಾಲ್ಕು ನಿಮಿಷ ಹಾಗೇ ಕೂತಿದ್ದೆವು. ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಖುಷಿಯಾಗಿದೆ, ಪಾಪ, ಎಂದುಕೊಂಡು ನಾನು ಹೋಗುವ ಜನರನ್ನು ನೋಡುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ಕುರ್ಚಿ ಎಳೆಯುವ ಸದ್ದು ಮತ್ತು ಹಾರನ್ ಮಾತ್ರ. ಮಷೀನು ನನ್ನ ಬ್ಯಾಗಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅತ್ತೆ ಗುಂಪಿಗೆ ವಾಯ್ಸ್ ನೋಟ್ ಕಳಿಸಿದರು. "ಎಲ್ಲಾ ಚೆನ್ನಾಗಿತ್ತು ಕಣ್ರಪ್ಪಾ. ಕೊನೇಗೆ ವಾದ್ಯ ಎಲ್ಲಾ ನಿಲ್ಲಿಸಿ ಬರೀ ಬಾಯಲ್ಲಿ ಒಂದು ಹಾಡು ಹೇಳಿದ್ರಲ್ಲ, ಅಳು ಬಂದ್ಬಿಡ್ತು ನಂಗೆ. ಅದ್ಯಾವ ಹಾಡು ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ."

ನಾನು ಲ್ಯಾಬಿನಲ್ಲಿದ್ದೆ. ಬಿಡುವಾದಾಗ ನೋಡಿದರೆ ಉತ್ತರಗಳ ಸಾಲೇ ಇತ್ತು. ಕೊನೇ ಹಾಡಿಗೆ ಫುಲ್ ಬ್ಯಾಂಡ್ ಇತ್ತಲ್ಲಮ್ಮ ಎಂದು ಒಬ್ಬರು. ಗುರು, ನಾವು ಪಾರ್ಕಿಂಗಿಗೆ ಓಡಿದ್ಮೇಲೆ ಏನಾದ್ರೂ ಹಾಡಿದ್ರಾ ಎಂದು ಇನ್ನೊಬ್ಬ. ಅಮ್ಮಂಗೆ ಸ್ಪೆಷಲ್ ಶೋ ಎಂದು ಮತ್ತೊಬ್ಬ, ಅದರ ಕೆಳಗೆ ನಗುವ ಮುಖಗಳು. ನನಗೆ ಮುಖ ಬಿಸಿಯಾಯಿತು. ಅತ್ತೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಹಿಂದೆಮುಂದೆ ನೋಡದೆ ಬರೆದುಬಿಟ್ಟೆ. "ಕ್ಷಮಿಸಿ, ನಮ್ಮತ್ತೆಗೆ ಕಿವಿ ಕೇಳಿಸುವುದಿಲ್ಲ. ಏನೋ ಅಂದುಕೊಂಡಿದ್ದಾರೆ, ತಪ್ಪು ತಿಳಿಯಬೇಡಿ." ನಗುವ ಮುಖಗಳು ನಿಂತು ಕೈಮುಗಿದ ಚಿತ್ರಗಳು ಬರತೊಡಗಿದವು.

ಸಂಜೆ ಮನೆಗೆ ಬಂದಾಗ ಅತ್ತೆ ಅವರೆಕಾಳು ಬಿಡಿಸುತ್ತಿದ್ದರು. ಫೋನು ಬೋರಲು ಬಿದ್ದಿತ್ತು.

"ನಾನು ಕಿವುಡಿ ಅಂತ ಊರಿಗೆಲ್ಲಾ ಡಂಗುರ ಹೊಡೆದ್ಬಿಟ್ಯಲ್ಲಮ್ಮ" ಎಂದರು. ಕೂಗಲಿಲ್ಲ. ಆಮೇಲೆ, "ಕೇಳಿಸ್ದೇ ಇದ್ದಿದ್ರೆ ಕೇಳ್ತು ಅಂತ ಯಾಕಂತಿದ್ದೆ ನಾನು?" ಎಂದರು.

ಅಲ್ಲಿಗಾದರೂ ನಾನು ಸುಮ್ಮನಿರಬೇಕಿತ್ತು. ಅವರ ಮುಂದೆ ಕೂತು, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದೆ. "ಅತ್ತೆ, ಅಂಥ ಹಾಡೇ ಹಾಡ್ಲಿಲ್ಲ. ನಾನು ನಿಮ್ಮ ಪಕ್ಕದಲ್ಲೇ ಇದ್ದೆ." ಅವರು ನನ್ನ ತುಟಿಯನ್ನು ಕೊನೆಯವರೆಗೂ ಓದಿ, ತಲೆ ತಗ್ಗಿಸಿ ಕಾಳು ಬಿಡಿಸತೊಡಗಿದರು. ಅದು ಯಾವ ಹಾಡು, ಹೇಗಿತ್ತು ಎಂದು ನಾನು ಕೇಳಲೇ ಇಲ್ಲ. ಇಲ್ಲದ ಹಾಡಿನ ಬಗ್ಗೆ ಕೇಳುವುದೇನು ಎನ್ನುವುದು ನನ್ನ ಲೆಕ್ಕ.

ಅಂದಿನಿಂದ ಅತ್ತೆಗೆ ತಮ್ಮ ಮೇಲೇ ನಂಬಿಕೆ ಹೋಯಿತು. ಗುಂಪಿನಿಂದ ಹೊರಗೆ ಬಂದರು. ಪ್ರತಿಯೊಂದಕ್ಕೂ ನಮ್ಮ ಮುಖ ನೋಡತೊಡಗಿದರು. "ಹಾಲಿನೋನು ಬಂದಿದ್ನಾ, ಇಲ್ಲಾ ನಂಗೇ ಹಂಗನ್ನಿಸ್ತಾ?" ಎಂದು ಕೇಳುತ್ತಿದ್ದರು, ಹಾಲಿನ ಪಾತ್ರೆ ಕೈಯಲ್ಲಿಟ್ಟುಕೊಂಡೇ. ನನ್ನ ಗಂಡ ಮಂಜು, "ಅಮ್ಮನ್ನ ತಲೆ ಡಾಕ್ಟ್ರಿಗೆ ತೋರ್ಸೋಣ ಕಣೇ" ಎಂದರು. ಸಾರಿನ ಹುಣಸೆಹುಳಿಗೂ ಅತ್ತೆ ಜಗಳಕ್ಕೆ ಬರುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಗಟ್ಟಿಗಿತ್ತಿ ಹೆಂಗಸನ್ನು ನಾನೇ ಎರಡು ಸಾಲು ಬರೆದು ಮುರಿದು ಕೂರಿಸಿದೆನಲ್ಲ ಎಂದು ಎಷ್ಟೋ ಸಲ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಿದ್ದೇನೆ.

ಮೂರು ವಾರವಾದ ಮೇಲೆ ಗುಂಪಿನ ಒಬ್ಬ ಹುಡುಗಿ ನನಗೊಬ್ಬಳಿಗೇ ಮೆಸೇಜು ಮಾಡಿದಳು. ಹೆಸರು ಶ್ವೇತಾ, ಊರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ನಾನು ಅವಳನ್ನು ನೋಡಿರಲಿಲ್ಲ. ಅವಳ ಅಪ್ಪ ಕೃಷ್ಣಪ್ಪನವರು ತಗಡು ಒತ್ತುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಅವರ ಕಿವಿಯೂ ಆ ಒತ್ತುವ ಮಷೀನುಗಳ ಹೊಡೆತಕ್ಕೆ ಪೂರ್ತಿ ಹೋಗಿದೆ. "ಅಕ್ಕಾ, ಆವತ್ತು ಕಾರಲ್ಲಿ ವಾಪಸ್ ಬರ್ತಾ ನಮ್ಮಪ್ಪನೂ ಇದನ್ನೇ ಕೇಳಿದ್ರು. ಕೊನೇಲಿ ವಾದ್ಯ ಇಲ್ದೆ ಹೇಳಿದ್ರಲ್ಲ, ಅದ್ಯಾವ ಹಾಡಮ್ಮ ಅಂತ. ನಾವೆಲ್ಲಾ ನಕ್ಬಿಟ್ವಿ. ಮಾರನೇ ದಿನ ನಿಮ್ಮತ್ತೆ ವಾಯ್ಸ್ ನೋಟ್ ಕೇಳಿ ಕೈಕಾಲು ತಣ್ಣಗಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

ನಾನು ಅದನ್ನು ನಾಲ್ಕು ಸಲ ಓದಿದೆ. ಆಮೇಲೆ ನನ್ನ ಮೊಬೈಲಿನ ವಿಡಿಯೋ ತೆಗೆದು ನೋಡಿದೆ. ಗಾಯಕರು ಕೈಮುಗಿದು ನಿಂತಾಗ, ಹಿಂದಿನ ದೊಡ್ಡ ಪರದೆಯಲ್ಲಿ ಅವರ ತುಟಿ ಅಲ್ಲಾಡುತ್ತಿತ್ತು! ಸಮಾಧಾನದ ಉಸಿರು ಬಿಟ್ಟೆ. ಮೈಕಿಲ್ಲದೆ ಏನೋ ಗುನುಗಿಕೊಂಡಿದ್ದಾರೆ, ಕಿವಿ ಕೇಳಿಸದವರು ತುಟಿ ಓದಿ ಕೇಳಿದೆವೆಂದುಕೊಂಡಿದ್ದಾರೆ. ಮಗ್ಗದ ಮನೆಯವರಿಗೆ ಅದೇನು ಹೊಸದೇ? ಓಡಿಹೋಗಿ ಅತ್ತೆಗೆ ತೋರಿಸಿದೆ. ಅವರು ಎರಡು ಸಲ ನೋಡಿ, "ಇರಬೋದು ಬಿಡಮ್ಮ" ಎಂದರು. ಒಪ್ಪಿ ಹೇಳಿದ ಮಾತಲ್ಲ ಅದು. ನನ್ನ ಜೊತೆ ವಾದ ಬೇಡವೆಂದು ಹೇಳಿದ್ದು. ಆದರೆ ಕೃಷ್ಣಪ್ಪನವರ ವಿಷಯ ಹೇಳಿದಾಗ ಮಾತ್ರ ಮುಖವೆತ್ತಿ, "ಅವ್ರಿಗೂ ಕೇಳ್ತಂತಾ?" ಎಂದು ಮತ್ತೆ ಮತ್ತೆ ಕೇಳಿದರು.

ಹತ್ತು ತಿಂಗಳ ಮೇಲೆ ಹೊಸ ಟೂರ್ ಪಟ್ಟಿ ಬಂತು. ಮೈಸೂರು, ಹುಬ್ಬಳ್ಳಿ, ನಡುವೆ ಹೊಸಕೋಟೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದ ಅತ್ತೆ, ಕೃಷ್ಣಪ್ಪನವರೂ ಬರುತ್ತಾರೆಂದ ಮೇಲೆ ಸೀರೆ ಇಸ್ತ್ರಿಗೆ ಕೊಟ್ಟರು. ಹೊಸಕೋಟೆಯ ಮೈದಾನದ ಗೇಟಿನ ಮುಂದೆ ಮಧ್ಯಾಹ್ನ ನಾಲ್ಕಕ್ಕೇ ಕ್ಯೂ ಇತ್ತು. ಶ್ವೇತಾ ಅಪ್ಪನನ್ನು ಕರೆತಂದಳು. ಎತ್ತರದ, ನಾಚಿಕೆಯ ಮನುಷ್ಯ. ಏನು ಹೇಳಬೇಕಾದರೂ ಅವಳು ಮೊಬೈಲಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತಿದ್ದಳು. ಯಾಕೆಂದು ಕೇಳಿದೆ. "ಅಪ್ಪಂಗೆ ತುಟಿ ಓದೋಕೆ ಬರಲ್ಲ ಅಕ್ಕಾ" ಎಂದಳು. ಆ ದಿನ ಅವರು ಎಲ್ಲಿ ಕೂತಿದ್ದರೆಂದು ಕೇಳಿದೆ. ಸೌಂಡ್ ಬಾಕ್ಸಿನ ಹಿಂದೆಯಂತೆ, ಪರದೆಯೇ ಕಾಣುತ್ತಿರಲಿಲ್ಲವಂತೆ.

ನಾನು ಜೋಡಿಸಿಕೊಂಡಿದ್ದ ಸಮಾಧಾನ ಅಲ್ಲೇ ಸಡಿಲವಾಯಿತು. ಆದರೂ ಲ್ಯಾಬಿನವಳ ಬುದ್ಧಿ ಬಿಡುತ್ತದೆಯೇ? ಇಬ್ಬರನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡೋಣವೆಂದುಕೊಂಡೆ. ಟೀ ಕುಡಿಯೋಣ ಬನ್ನಿ ಎಂದು ಅತ್ತೆಯನ್ನು ರಸ್ತೆಯಾಚೆಯ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಹತ್ತು ತಿಂಗಳ ಹಿಂದೆ ಕೇಳಬೇಕಾಗಿದ್ದನ್ನು ಆಗ ಕೇಳಿದೆ. "ಅತ್ತೆ, ಆ ಹಾಡು ಹೇಗಿತ್ತು?"

"ಮಾತು ಒಂದೂ ನೆನಪಿಲ್ಲ ಕಣಮ್ಮ. ರಾಗ ಮಾತ್ರ ಐತೆ" ಎಂದು, ಟೀ ಲೋಟ ಹಿಡಿದುಕೊಂಡೇ ಮೆಲ್ಲಗೆ ಗುನುಗಿದರು. ಕಿವಿ ಹೋದವರ ದನಿ ಸಾಮಾನ್ಯವಾಗಿ ಅತ್ತಿತ್ತ ಜಾರುತ್ತದೆ. ಅತ್ತೆಯದೂ ಜಾರುತ್ತಿತ್ತು, ಆದರೆ ಹಾಡಿನ ದಾರಿ ಸ್ಪಷ್ಟವಾಗಿತ್ತು. ನಿಧಾನವಾಗಿ ಮೇಲೆ ಹತ್ತಿ, ಇನ್ನೇನು ಮುಟ್ಟಿತು ಎನ್ನುವಾಗ ನಿಂತು, ಎರಡು ಮೆಟ್ಟಿಲು ಕೆಳಗಿಳಿದು ಇನ್ನೊಂದು ಕಡೆಯಿಂದ ಹತ್ತುವಂಥ ರಾಗ. ಆ ಗಾಯಕರ ಯಾವ ಹಾಡೂ ಹಾಗಿಲ್ಲ, ನನಗೆ ಅವರ ಹಾಡೆಲ್ಲ ಗೊತ್ತು.

ಲೋಟ ಇಟ್ಟು ಕ್ಯೂಗೆ ವಾಪಸು ಬಂದೆವು. ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ ನನಗೆ ಅದೇ ರಾಗ ಕೇಳಿಸಿತು. ಶ್ವೇತಾ ಕೂಡ ಅಷ್ಟರಲ್ಲಿ ಅಪ್ಪನನ್ನು ಅದೇ ಪ್ರಶ್ನೆ ಕೇಳಿದ್ದಳು. ಕೃಷ್ಣಪ್ಪನವರು ಕಣ್ಣು ಮುಚ್ಚಿ ಗುನುಗುತ್ತಿದ್ದರು. ಅದೇ ಹತ್ತುವುದು, ಅದೇ ನಿಲ್ಲುವುದು, ಅದೇ ಎರಡು ಮೆಟ್ಟಿಲು. ಅತ್ತೆ ಅವರನ್ನು ಗಮನಿಸಿರಲಿಲ್ಲ. ಅತ್ತೆಯ ಗುನುಗೂ ಇನ್ನೂ ನಿಂತಿರಲಿಲ್ಲ. ಇಬ್ಬರೂ ಅಕ್ಕಪಕ್ಕದಲ್ಲಿ ನಿಂತು, ಒಬ್ಬರು ಇನ್ನೊಬ್ಬರಿಗಿಂತ ಅರ್ಧ ಸಾಲು ಹಿಂದೆ, ಒಂದೇ ಹಾಡು ಹೇಳುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರದು ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ನನಗೆ ಮತ್ತು ಶ್ವೇತಾಗೆ. ಅವಳು ನನ್ನ ತೋಳು ಹಿಡಿದುಕೊಂಡಳು. ಹಾಡು ಹುಡುಕಿಕೊಡುವ ಆಪ್ ತೆರೆದು ಹಿಡಿದೆ. ಏನೂ ಸಿಗಲಿಲ್ಲ ಎಂದು ಬಂತು.

ಆಮೇಲೆ ಗುಂಪಿನವರೊಬ್ಬರು ಗಾಯಕರ ತಂಡದವರನ್ನು ವಿಚಾರಿಸಿ ಹೇಳಿದರು. ಕೈಮುಗಿದು ನಿಂತಾಗ ಅವರು ಮನಸ್ಸಿನಲ್ಲೇ ದೇವರಿಗೆ, ಜನರಿಗೆ ವಂದನೆ ಹೇಳಿಕೊಳ್ಳುತ್ತಾರಂತೆ, ಹಾಡುವುದಿಲ್ಲವಂತೆ. ಯಾವುದೋ ಹಳೆಯ ಹಾಡು ಇಬ್ಬರ ತಲೆಯಲ್ಲೂ ಉಳಿದಿದ್ದೀತು ಎನ್ನುತ್ತಾರೆ ಮಂಜು. ಇದ್ದೀತು. ಆದರೆ ಅದೇ ಸಂಜೆ, ಅದೇ ಗಳಿಗೆಗೆ, ಮೈದಾನದ ಎರಡು ಮೂಲೆಯಲ್ಲಿ? ಮೂರು ವರ್ಷದಿಂದ ಯೋಚಿಸಿ ಸೋತಿದ್ದೇನೆ. ರಿಪೋರ್ಟು ಬರದ ಪರೀಕ್ಷೆ ಇದೊಂದೇ.

ಆ ಹೊಸಕೋಟೆಯ ಸಂಜೆಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಕಾರ್ಯಕ್ರಮ ಮುಗಿದು ಗಾಯಕರು ಕೈಮುಗಿದರು. ಜನ ಎದ್ದರು. ನಾವು ನಾಲ್ವರೂ ಏಳಲಿಲ್ಲ. ನಾನು ಕಿವಿಗೊಟ್ಟು ಕೂತೆ, ನನಗೂ ಕೇಳಲಿ ಎಂದು ಆಸೆಯಿಂದಲೇ ಕೂತೆ. ಏನೂ ಕೇಳಿಸಲಿಲ್ಲ. ಆಚೆ ಕೃಷ್ಣಪ್ಪನವರು ಇಲ್ಲವೆಂದು ಮಗಳಿಗೆ ತಲೆಯಲ್ಲಾಡಿಸುವುದು ಕಂಡಿತು. ಅತ್ತೆ ನನ್ನ ಕಡೆ ತಿರುಗಿ, ಅನುಮಾನದಲ್ಲಿ, ನನ್ನ ತುಟಿಯ ಮೇಲೆ ಕಣ್ಣು ನೆಟ್ಟು ಕೇಳಿದರು.

"ಹೇಳ್ಲಿಲ್ಲ, ಅಲ್ವಾ?"

"ಇಲ್ಲ ಅತ್ತೆ" ಎಂದೆ. "ಇವತ್ತು ಹೇಳ್ಲಿಲ್ಲ."

ಅವರು ಅದನ್ನು ಕೊನೆಯವರೆಗೂ ಓದಿದರು. ಆಮೇಲೆ ನನ್ನ ಬ್ಯಾಗಿಗೆ ಕೈಹಾಕಿ ಮಷೀನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ನಡಿ, ಕ್ಯಾಬ್ ಸಿಗಲ್ಲ ಆಮೇಲೆ" ಎಂದು ನನ್ನನ್ನೇ ಗದರಿಸಿ ಎಬ್ಬಿಸಿದರು.